ಮಿತೋಮಾ ಯಾಕೆ ನಿಂತುಬಿಡ್ತಾರೆ?

[ದೃಶ್ಯ: ಮೈದಾನದ ಎಡ ಅಂಚು, ಮೇಲಿನಿಂದ. ಇಬ್ಬರು ಆಟಗಾರರು ಎದುರುಬದುರು.]

ಚೆಂಡು ಎಡ ಅಂಚಿಗೆ ಬಂತು. ಎದುರಿಗೆ ಎದುರಾಳಿಯ ರೈಟ್ ಬ್ಯಾಕ್, ಅಂದ್ರೆ ಬಲ ಅಂಚಿನ ಡಿಫೆಂಡರ್, ಮೂರ್ನಾಲ್ಕು ಹೆಜ್ಜೆ ದೂರ. ಬೇರೆ ವಿಂಗರ್ (ಅಂಚಿನಿಂದ ದಾಳಿ ಮಾಡೋ ಆಟಗಾರ) ಆಗಿದ್ರೆ ಇಷ್ಟು ಹೊತ್ತಿಗೆ ಓಟ ಕಿತ್ತಿರ್ತಿದ್ದ. ಕಾವೊರು ಮಿತೋಮಾ ಮಾತ್ರ ನಿಂತುಬಿಡ್ತಾರೆ. ಅರೆಕ್ಷಣ, ಅಷ್ಟೇ. ಮರುಕ್ಷಣ ಡಿಫೆಂಡರ್ ಹಿಂದೆ ಉಳಿದಿರ್ತಾನೆ.

ಜಪಾನಿನ ಈ ಫುಟ್‌ಬಾಲ್ ಆಟಗಾರ ಇಂಗ್ಲೆಂಡಿನ ಬ್ರೈಟನ್ ಕ್ಲಬ್ಬಿನ ಪರ ಅಲ್ಲಿನ ಮೊದಲ ದರ್ಜೆಯ ಪ್ರೀಮಿಯರ್ ಲೀಗಿಗೆ ಕಾಲಿಟ್ಟಾಗ ವಯಸ್ಸು 25. ವಿಂಗರ್‌ಗೆ ಅದು ತಡವೇ. ಆದ್ರೆ ಆ ತಡ ಎರಡು ಕಂತಿನಲ್ಲಿ ಬಂದದ್ದು. ಒಂದನ್ನ ಅವರೇ ಆರಿಸಿಕೊಂಡ್ರು, ಇನ್ನೊಂದನ್ನ ಇಂಗ್ಲೆಂಡಿನ ಕಾನೂನು ಹೇರಿತು. ಎರಡೂ ಅವರ ಆಟದೊಳಗೆ ಹೇಗೆ ಬಂದು ಕೂತವು ಅನ್ನೋದೇ ಈ ವಿಡಿಯೋ.

[ದೃಶ್ಯ: ಜಪಾನ್ ನಕ್ಷೆ. ಕಾವಾಸಾಕಿ, ತ್ಸುಕುಬಾ ಗುರುತು.]

ಹುಟ್ಟಿದ್ದು 1997ರ ಮೇ 20. ಬೆಳೆದದ್ದು ಟೋಕಿಯೊ ಪಕ್ಕದ ಕಾವಾಸಾಕಿಯಲ್ಲಿ. ಮೊದಲು ಸಾಗಿನುಮಾ ಅನ್ನೋ ಬಡಾವಣೆ ಕ್ಲಬ್, ಆಮೇಲೆ ಕಾವಾಸಾಕಿ ಫ್ರಾಂಟಾಲೆಯ ಅಕಾಡೆಮಿ. ಸಾಗಿನುಮಾದಲ್ಲಿ ಆಡಿದ ಇನ್ನೊಬ್ಬ ಹುಡುಗ ಆವೊ ತನಾಕಾ. ಈ ಹೆಸರು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

18ಕ್ಕೆ ಫ್ರಾಂಟಾಲೆಯ ಹಿರಿಯರ ತಂಡದಿಂದ ಕರೆ ಬಂತು. ಮಿತೋಮಾ ಬೇಡ ಅಂದ್ರು. ತ್ಸುಕುಬಾ ವಿಶ್ವವಿದ್ಯಾಲಯ ಸೇರಿದ್ರು. ಯುರೋಪಿನಲ್ಲಿ ಇದನ್ನ ಕೇಳಿದ್ರೆ ಹುಬ್ಬೇರಿಸ್ತಾರೆ, ಜಪಾನಿನಲ್ಲಿ ಹಾಗಲ್ಲ. ಅಲ್ಲಿ ವಿಶ್ವವಿದ್ಯಾಲಯಗಳ ಫುಟ್‌ಬಾಲ್ ಗಟ್ಟಿ. 2017ರಲ್ಲಿ ಜಪಾನಿನ ನಾಕೌಟ್ ಟೂರ್ನಿ ಎಂಪರರ್ಸ್ ಕಪ್‌ನಲ್ಲಿ ತ್ಸುಕುಬಾ ಹುಡುಗರು ಮೊದಲ ದರ್ಜೆಯ (ಜೆ1) ತಂಡ ವೆಗಾಲ್ಟಾ ಸೆಂಡಾಯ್‌ಯನ್ನ 3-2ರಿಂದ ಸೋಲಿಸಿದ್ರು. ಅದರಲ್ಲಿ ಎರಡು ಗೋಲು ಮಿತೋಮಾರದ್ದು.

ಡಿಗ್ರಿಗೆ ಅವರು ಬರೆದ ಪ್ರಬಂಧದ ವಿಷಯವೇ ಡ್ರಿಬ್ಲಿಂಗ್, ಅಂದ್ರೆ ಚೆಂಡನ್ನ ಕಾಲಲ್ಲೇ ಇಟ್ಕೊಂಡು ಎದುರಾಳಿಯನ್ನ ದಾಟೋದು. ತಂಡದವರ ತಲೆಗೆ ಪುಟ್ಟ ಕ್ಯಾಮೆರಾ ಕಟ್ಟಿ, ಒಬ್ಬರಿಗೊಬ್ಬರು ಎದುರಾದಾಗ ಯಾರ ಕಣ್ಣು ಎಲ್ಲಿರುತ್ತೆ ಅಂತ ನೋಡಿದ್ರು. ಚೆನ್ನಾಗಿ ಡ್ರಿಬಲ್ ಮಾಡೋರು ಚೆಂಡನ್ನ ನೋಡ್ತಾ ಕೂರಲ್ಲ, ಎದುರಾಳಿಯನ್ನ ನೋಡ್ತಾರೆ. ನೋಡಿ, ಅವನ ಮೈಭಾರ ಒಂದು ಕಡೆ ವಾಲೋ ಹಾಗೆ ಮಾಡ್ತಾರೆ. ಕಬಡ್ಡಿ ನೋಡೋರಿಗೆ ಇದು ಹೊಸ ವಿಷಯವೇನಲ್ಲ ಬಿಡಿ, ಒಳ್ಳೇ ರೈಡರ್ ಕಣ್ಣೂ ಎದುರಿನವರ ಕಾಲಿನ ಮೇಲೇ ಇರುತ್ತೆ.

[ದೃಶ್ಯ: ನಿಧಾನ ಚಲನೆ. ಡಿಫೆಂಡರ್ ಮುಂಗಾಲಿಗೆ ಕೆಂಪು ವೃತ್ತ.]

ಈಗ ಆ ಅರೆಕ್ಷಣಕ್ಕೆ ವಾಪಸ್ ಬರೋಣ. ಮಿತೋಮಾ ಬಲಗಾಲಿನವರು, ಆಡೋದು ಎಡ ಅಂಚಿನಲ್ಲಿ. ಚೆಂಡನ್ನ ಬಲಗಾಲಿನ ಪಕ್ಕದಲ್ಲೇ ಇಟ್ಕೊಂಡು ಚಿಕ್ಕಚಿಕ್ಕ ಟಚ್ ಕೊಡ್ತಾ ಬರ್ತಾರೆ. ಅದೇ ಪಾದದ ಹೊರಬದಿ ತಾಗಿದ್ರೆ ಚೆಂಡು ಮೈದಾನದ ಒಳಗೆ ಹೋಗುತ್ತೆ, ಒಳಬದಿ ತಾಗಿದ್ರೆ ಅಂಚಿನ ಗೆರೆ ಕಡೆಗೆ. ಪಾದ ಇರೋ ಜಾಗ ಎರಡಕ್ಕೂ ಒಂದೇ. ಹಾಗಾಗಿ ಯಾವುದು ಬರುತ್ತೆ ಅಂತ ಡಿಫೆಂಡರ್‌ಗೆ ಕೊನೇ ಗಳಿಗೆವರೆಗೂ ಗೊತ್ತಾಗಲ್ಲ.

ವೇಗ ಇಳಿಸಿದ್ರೆ ಡಿಫೆಂಡರ್ ಕೂಡ ಇಳಿಸಲೇಬೇಕು. ಆಗ ಅವನ ಮೈಭಾರ ಯಾವುದಾದ್ರೂ ಒಂದು ಕಾಲಿನ ಮೇಲೆ ಬೀಳುತ್ತೆ. ಭಾರ ಬಿದ್ದ ಕಾಲನ್ನ ತಕ್ಷಣ ಎತ್ತೋಕಾಗಲ್ಲ. ಬೇಕಿದ್ರೆ ಎದ್ದು ನಿಂತು ಎಡಗಾಲಿನ ಮೇಲೆ ಪೂರ್ತಿ ಭಾರ ಹಾಕಿ, ಈಗ ಎಡಗಾಲನ್ನೇ ಮೊದಲು ಎತ್ತೋಕೆ ನೋಡಿ. ಭಾರ ಬಲಕ್ಕೆ ದಾಟೋವರೆಗೂ ಅದು ಏಳಲ್ಲ. ಮಿತೋಮಾ ಹೊರಡೋದು ಆ ಗಳಿಗೆಯಲ್ಲಿ, ಭಾರ ಬಿದ್ದ ಕಾಲಿನ ಪಕ್ಕದಿಂದ. ನಿಂತವರು ಒಂದೇ ಸಲಕ್ಕೆ ವೇಗ ಎತ್ತಬೇಕು. ಆ ಶಕ್ತಿ ಕಾಲಲ್ಲಿ ಇಲ್ಲದವರು ಇದನ್ನ ಅನುಕರಿಸಿದ್ರೆ ಚೆಂಡು ಕಳ್ಕೋತಾರೆ.

ಕೈಕೊಡೋದು ಎಲ್ಲಿ? ಡಿಫೆಂಡರ್ ಹತ್ತಿರಕ್ಕೇ ಬರದೆ ದೂರ ಉಳಿದ್ರೆ ಅಲ್ಲಾಡಿಸೋಕೆ ಭಾರವೇ ಸಿಗಲ್ಲ. ಇಬ್ಬರು ಬಂದ್ರೆ ಇನ್ನೂ ಕಷ್ಟ. ಮೊದಲನೆಯವನನ್ನ ದಾಟೋ ಟಚ್ ಸೀದಾ ಎರಡನೆಯವನ ಕಾಲಿಗೆ ಹೋಗುತ್ತೆ. ಆಗ ಮಿತೋಮಾ ತಂಡದ ಲೆಫ್ಟ್ ಬ್ಯಾಕ್, ಅಂದ್ರೆ ಎಡ ಅಂಚಿನ ಡಿಫೆಂಡರ್, ಹಿಂದಿನಿಂದ ಓಡಿ ಬಂದು ಒಬ್ಬನನ್ನ ತನ್ನ ಕಡೆ ಎಳೀಬೇಕು. ಬ್ರೈಟನ್‌ನಲ್ಲಿ ಆ ಕೆಲಸ ಮಾಡಿದ್ದು ಈಕ್ವೆಡಾರಿನ ಪೆರ್ವಿಸ್ ಎಸ್ಟುಪಿನ್ಯಾನ್.

[ದೃಶ್ಯ: ಫ್ರಾಂಟಾಲೆಯ ತಿಳಿನೀಲಿ ಜೆರ್ಸಿ. ತೆರೆಯ ಮೇಲೆ: 2020.]

2020ರಲ್ಲಿ ಫ್ರಾಂಟಾಲೆಗೆ ವಾಪಸ್. ಮೊದಲ ಸೀಸನ್‌ನಲ್ಲೇ ಲೀಗ್‌ನಲ್ಲಿ 13 ಗೋಲು, ತಂಡಕ್ಕೆ 83 ಅಂಕಗಳೊಂದಿಗೆ ಪ್ರಶಸ್ತಿ. 2021ರ ಆಗಸ್ಟ್‌ನಲ್ಲಿ ಬ್ರೈಟನ್ ಖರೀದಿಸಿತು. ಆದ್ರೆ ಇಂಗ್ಲೆಂಡಿನಲ್ಲಿ ಆಡೋ ಹಾಗಿರಲಿಲ್ಲ.

[ದೃಶ್ಯ: ಪಾಸ್‌ಪೋರ್ಟ್ ಚಿತ್ರ, ಪಕ್ಕದಲ್ಲಿ 15 ಅಂಕದ ಮಾಪಕ.]

ಬ್ರೆಕ್ಸಿಟ್ ಆದಮೇಲೆ, 2021ರ ಜನವರಿಯಿಂದ, ಹೊರಗಿನ ಆಟಗಾರರಿಗೆ ಅಂಕ ಪದ್ಧತಿ ಬಂತು. ಕೆಲಸದ ಪರವಾನಗಿ ಬೇಕಂದ್ರೆ 15 ಅಂಕ ಬೇಕು. ರಾಷ್ಟ್ರೀಯ ತಂಡದ ಪರ ಸಾಕಷ್ಟು ಪಂದ್ಯ ಆಡಿದ್ರೆ ಸೀದಾ ಪಾಸ್. ಎಷ್ಟು ಅನ್ನೋದು ದೇಶದ ಫಿಫಾ ಶ್ರೇಯಾಂಕದ ಮೇಲೆ. ಜಪಾನ್ ಆಗ ಇದ್ದದ್ದು 21ರಿಂದ 30ರ ಗುಂಪಿನಲ್ಲಿ, ಅಂದ್ರೆ ತಂಡದ ಪಂದ್ಯಗಳಲ್ಲಿ ಶೇ. 60ರಷ್ಟು ಆಡಿರಬೇಕು. ಮಿತೋಮಾ ಆಡಿದ್ದು ಸೊನ್ನೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಆಡಿದ್ರಲ್ಲ ಅಂತೀರಾ? ಅದು 23ರ ಕೆಳಗಿನವರ ಟೂರ್ನಿ, ಒಂದು ವರ್ಷ ಮುಂದೆ ಹೋದದ್ದರಿಂದ 24. ಹಿರಿಯರ ಲೆಕ್ಕಕ್ಕೆ ಬರಲ್ಲ.

ಇನ್ನೊಂದು ದಾರಿ, ಕ್ಲಬ್ ಪರ ಆಡಿದ ನಿಮಿಷಗಳಿಗೆ ಸಿಗೋ ಅಂಕ. ಲೀಗ್‌ಗಳನ್ನ ಆರು ದರ್ಜೆ ಮಾಡಿದ್ದಾರೆ. ಜಪಾನ್ ಲೀಗ್ ಕೆಳಗೆ, ಅಲ್ಲಿ ಎಷ್ಟು ಬೆವರು ಸುರಿಸಿದ್ರೂ ಅಂಕ ಜುಜುಬಿ. ಬೆಲ್ಜಿಯಂ ಲೀಗ್ ಎರಡನೇ ದರ್ಜೆ. ಬ್ರೈಟನ್ ಮಾಲೀಕ ಟೋನಿ ಬ್ಲೂಮ್ ಅವರ ಬಂಡವಾಳ ಬ್ರಸೆಲ್ಸ್‌ನ ಯೂನಿಯನ್ ಸೇಂಟ್ ಜಿಲ್ವಾಸ್ ಕ್ಲಬ್ಬಿನಲ್ಲೂ ಇತ್ತು. ಹಾಗಾಗಿ ಒಂದು ವರ್ಷ ಅಲ್ಲಿಗೆ ಲೋನ್, ಅಂದ್ರೆ ಎರವಲಾಗಿ ಆಡೋಕೆ ಕಳಿಸಿದ್ರು. ಬೆಲ್ಜಿಯಂ ದಾರಿ ಜಪಾನೀಯರಿಗೆ ಹೊಸದಲ್ಲ. ಸಿಂಟ್ ಟ್ರೌಡೆನ್ ಅನ್ನೋ ಅಲ್ಲಿನ ಕ್ಲಬ್ಬಿನ ಒಡೆತನವೇ 2017ರಿಂದ ಜಪಾನಿನ ಡಿಎಂಎಂ ಕಂಪನಿಯ ಕೈಯಲ್ಲಿದೆ. ಜಪಾನ್ ಆಟಗಾರರಾದ ಎಂಡೊ, ತೊಮಿಯಾಸು, ಕಮಾಡಾ ಮೂವರೂ ಅಲ್ಲಿ ಆಡಿಯೇ ಮುಂದೆ ಹೋದವರು.

ಯೂನಿಯನ್ ಆಡ್ತಿದ್ದದ್ದು 3-5-2, ಅಂದ್ರೆ ಹಿಂದೆ ಮೂವರು, ನಡುವೆ ಐವರು, ಮುಂದೆ ಇಬ್ಬರು. ಆ ವ್ಯವಸ್ಥೆಯಲ್ಲಿ ವಿಂಗರ್ ಅನ್ನೋ ಜಾಗವೇ ಇಲ್ಲ. ಮಿತೋಮಾ ಹೆಚ್ಚಾಗಿ ಲೆಫ್ಟ್ ವಿಂಗ್‌ಬ್ಯಾಕ್ ಆದ್ರು. ಅಂದ್ರೆ ದಾಳಿ ಮುಗಿದ ಕೂಡಲೇ ಇಡೀ ಅಂಚು ವಾಪಸ್ ಓಡಿ, ಎದುರಾಳಿ ವಿಂಗರ್‌ನ ತಡೀಬೇಕು. ಅಕ್ಟೋಬರ್‌ನಲ್ಲಿ ಸೆರೇನ್ ವಿರುದ್ಧ ತಂಡ 0-2 ಹಿಂದೆ, ಮೈದಾನದಲ್ಲಿ ಹತ್ತೇ ಜನ. ವಿರಾಮದ ನಂತರ ಬಂದ ಮಿತೋಮಾ ಹ್ಯಾಟ್ರಿಕ್ ಹೊಡೆದ್ರು, ಪಂದ್ಯ 4-2. 48 ವರ್ಷದ ಮೇಲೆ ಮೊದಲ ದರ್ಜೆಗೆ ಮರಳಿದ್ದ ಯೂನಿಯನ್ ಆ ಸೀಸನ್‌ನಲ್ಲಿ ಲೀಗ್ ಹಂತ ಮುಗಿದಾಗ ಮೊದಲ ಸ್ಥಾನದಲ್ಲಿತ್ತು, ಪ್ಲೇಆಫ್‌ನಲ್ಲಿ ಕ್ಲಬ್ ಬ್ರೂಗಾ ಮುಂದೆ ಹೋಯ್ತು. ಅಷ್ಟರಲ್ಲಿ ಜಪಾನ್ ಪರವೂ ಆಡಲು ಶುರು ಮಾಡಿದ್ರು. 2022ರ ಮಾರ್ಚ್‌ನಲ್ಲಿ ಸಿಡ್ನಿಯಲ್ಲಿ 84ನೇ ನಿಮಿಷಕ್ಕೆ ಇಳಿದು ಆಸ್ಟ್ರೇಲಿಯಾ ವಿರುದ್ಧ ಎರಡು ಗೋಲು, ಜಪಾನಿಗೆ ವಿಶ್ವಕಪ್ ಟಿಕೆಟ್.

ಬಲವಂತಕ್ಕೆ ಕಲಿತ ವಿಂಗ್‌ಬ್ಯಾಕ್ ಕೆಲಸ ಕತಾರ್ ವಿಶ್ವಕಪ್‌ನಲ್ಲಿ ಉಪಯೋಗಕ್ಕೆ ಬಂತು. 2022ರ ಡಿಸೆಂಬರ್ 1, ಸ್ಪೇನ್ ವಿರುದ್ಧ ವಿರಾಮಕ್ಕೆ ಜಪಾನ್ 0-1. ನಾಗಾತೊಮೊ ಜಾಗಕ್ಕೆ ಮಿತೋಮಾ ಇಳಿದ್ರು, ವಿಂಗ್‌ಬ್ಯಾಕ್ ಆಗಿಯೇ. ಜಪಾನಿನ ದೋವಾನ್ ಸಮ ಮಾಡಿದ್ರು. 51ನೇ ನಿಮಿಷದಲ್ಲಿ ಬಲದಿಂದ ಬಂದ ಚೆಂಡು ಗೋಲಿನ ಮುಂದೆ ಹಾದು ಹೊರಗೆ ಹೋಗ್ತಿತ್ತು. ಮಿತೋಮಾ ಕಾಲು ಚಾಚಿ ಹಿಂದಕ್ಕೆ ಎಳೆದ್ರು, ಒಳಗೆ ತಳ್ಳಿದ್ದು ಅದೇ ಸಾಗಿನುಮಾದ ತನಾಕಾ.

[ದೃಶ್ಯ: ಚೆಂಡು ಮತ್ತು ಬಿಳಿ ಗೆರೆ. ಮೊದಲು ಪಕ್ಕದಿಂದ, ಆಮೇಲೆ ನೇರ ಮೇಲಿನಿಂದ.]

ಟಿವಿಯಲ್ಲಿ ಗೆರೆಗೂ ಚೆಂಡಿಗೂ ನಡುವೆ ಹುಲ್ಲು ಕಾಣ್ತಿತ್ತು. ಆದ್ರೂ ಗೋಲು ಕೊಟ್ರು. ಯಾಕೆ? ನಿಯಮದ ಪ್ರಕಾರ ಚೆಂಡು ಪೂರ್ತಿಯಾಗಿ ಗೆರೆಯನ್ನ ಪೂರ್ತಿ ದಾಟಿರಬೇಕು. ಚೆಂಡಿನ ಅಡ್ಡಳತೆ ಸುಮಾರು 22 ಸೆಂಟಿಮೀಟರ್. ನೆಲಕ್ಕೆ ತಾಗೋದು ಒಂದು ಬಿಂದು ಮಾತ್ರ, ಹೊಟ್ಟೆ ಸುತ್ತಲೂ 11 ಸೆಂಟಿಮೀಟರ್ ಚಾಚಿರುತ್ತೆ. ಮನೆಯಲ್ಲೇ ನೋಡಬಹುದು. ನೆಲದ ಮೇಲೆ ಚಾಕ್‌ಪೀಸ್ ಗೆರೆ ಎಳೀರಿ, ಅದರ ಹೊರ ಅಂಚಿನಿಂದ 10 ಸೆಂಟಿಮೀಟರ್ ಆಚೆಗೆ ಚೆಂಡಿನ ತಳ ಬರೋ ಹಾಗೆ ಇಡಿ. ನೆಲದ ಮಟ್ಟಕ್ಕೆ ಬಗ್ಗಿ ನೋಡಿದ್ರೆ ಚೆಂಡು ಹೊರಗೆ. ದಾರಕ್ಕೆ ಕಲ್ಲು ಕಟ್ಟಿ ಚೆಂಡಿನ ಹೊಟ್ಟೆಗೆ ತಾಗಿಸಿ ಇಳಿಬಿಟ್ರೆ ಕಲ್ಲು ಗೆರೆ ಮೇಲೆ. ಆ ದಿನ ಗೆರೆ ಮೇಲೆ ಉಳಿದಿದ್ದ ಹೊಟ್ಟೆ 1.88 ಮಿಲಿಮೀಟರ್. ಜಪಾನ್ 2-1. ಮುಂದಿನ ಸುತ್ತಿನಲ್ಲಿ ಕ್ರೊಯೇಷ್ಯಾ ವಿರುದ್ಧ ಪೆನಾಲ್ಟಿ ಒದ್ದು ಗೋಲು ಮಾಡಲಾಗದವರಲ್ಲಿ ಮಿತೋಮಾ ಕೂಡ ಒಬ್ಬರು, ಅದನ್ನೂ ಹೇಳಬೇಕಲ್ಲ.

[ದೃಶ್ಯ: ಬ್ರೈಟನ್‌ನ ನೀಲಿ-ಬಿಳಿ ಪಟ್ಟಿ ಜೆರ್ಸಿ.]

ಲೋನ್ ಮುಗಿಸಿ ಮಿತೋಮಾ ಸೇರಿದ್ದ ಬ್ರೈಟನ್‌ಗೆ 2022ರ ಸೆಪ್ಟೆಂಬರ್‌ನಲ್ಲಿ ರಾಬರ್ಟೊ ಡಿ ಜೆರ್ಬಿ ಕೋಚ್ ಆಗಿ ಬಂದದ್ದು ಮಿತೋಮಾಗೆ ಒದಗಿ ಬಂತು. ಡಿ ಜೆರ್ಬಿ ತಂಡದ ಸೆಂಟರ್ ಬ್ಯಾಕ್ (ನಡುವಿನ ಡಿಫೆಂಡರ್) ಚೆಂಡಿನ ಮೇಲೆ ಅಂಗಾಲು ಇಟ್ಟು ಸುಮ್ಮನೆ ನಿಲ್ತಿದ್ದ. ಬಂದು ಕಿತ್ಕೊಳ್ಳಿ ಅಂತ ಆಹ್ವಾನ. ಎದುರಾಳಿಗಳು ಐದಾರು ಜನ ನುಗ್ಗಿ ಬಂದ್ರೆ ಅವರ ಹಿಂದೆ ಬಯಲು. ಎರಡು ಪಾಸ್‌ನಲ್ಲಿ ಚೆಂಡು ಎಡ ಅಂಚಿಗೆ. ಅಲ್ಲಿ ಮಿತೋಮಾ, ಎದುರಿಗೆ ಒಬ್ಬನೇ ಡಿಫೆಂಡರ್. ಎರಡನೆಯವನು ಓಡಿ ಬರೋಷ್ಟರಲ್ಲಿ ಕೆಲಸ ಮುಗಿದಿರುತ್ತೆ. ಇದು ಗೊತ್ತಾದ ತಂಡಗಳು ನುಗ್ಗೋದನ್ನೇ ಬಿಟ್ಟು ಹಿಂದೆ ಕೂತವು, ಆಗ ಎಡ ಅಂಚು ಕಿಕ್ಕಿರಿದು ಹೋಯ್ತು. ಆದ್ರೂ ಆ ಸೀಸನ್ ಲೀಗ್‌ನಲ್ಲಿ 7 ಗೋಲು. ಬ್ರೈಟನ್ ಆರನೇ ಸ್ಥಾನ, ಮೊದಲ ಸಲ ಯುರೋಪಿನ ಎರಡನೇ ದೊಡ್ಡ ಕ್ಲಬ್ ಟೂರ್ನಿ ಯುರೋಪಾ ಲೀಗ್.

2023-24 ಗಾಯದ ಸೀಸನ್. ಡಿಸೆಂಬರ್‌ನಲ್ಲಿ ಕಣಕಾಲು, ಅದು ವಾಸಿಯಾಗ್ತಿದ್ದಂತೆ ಏಷ್ಯಾ ಕಪ್, ಫೆಬ್ರುವರಿಯಲ್ಲಿ ಬೆನ್ನು. ಸೀಸನ್ ಅಲ್ಲಿಗೇ ಮುಗೀತು. ಗಕ್ಕನೆ ನಿಂತು ಗಕ್ಕನೆ ಹೊರಡೋ ಆಟ ಕಣಕಾಲಿಗೂ ಸೊಂಟಕ್ಕೂ ಸಲೀಸಲ್ಲ, ಮೇಲಿಂದ ವಿಮಾನ ಪ್ರಯಾಣ ಬೇರೆ.

ಮುಂದಿನ ಸೀಸನ್‌ನಲ್ಲಿ 10 ಗೋಲು. ಒಂದೇ ಪ್ರೀಮಿಯರ್ ಲೀಗ್ ಸೀಸನ್‌ನಲ್ಲಿ ಎರಡಂಕಿ ಮುಟ್ಟಿದ ಮೊದಲ ಜಪಾನೀಯ.

[ದೃಶ್ಯ: 2025ರ ಫೆಬ್ರುವರಿ 14, ಚೆಲ್ಸೀ ವಿರುದ್ಧ. ಮೂರು ಟಚ್, ಒಂದೊಂದಾಗಿ ನಿಲ್ಲಿಸಿ.]

ಹತ್ತರಲ್ಲಿ ಒಂದನ್ನ ಮಾತ್ರ ನೋಡೋಣ. ಗೋಲ್‌ಕೀಪರ್ ವರ್ಬ್ರೂಗನ್ ತಮ್ಮ ಪೆನಾಲ್ಟಿ ಬಾಕ್ಸ್‌ನಿಂದ ಒದ್ದ ಚೆಂಡು ಆಕಾಶದಿಂದ ಇಳೀತಿದೆ. ಮಿತೋಮಾ ಗೋಲಿನ ಕಡೆ ಮುಖ ಮಾಡಿ ಓಡ್ತಿದ್ದಾರೆ, ಚೆಂಡು ಬರ್ತಿರೋದು ಭುಜದ ಹಿಂದಿನಿಂದ, ಪಕ್ಕದಲ್ಲಿ ಚೆಲ್ಸೀ ಡಿಫೆಂಡರ್ ಚಲೋಬಾ. ಮೊದಲ ಟಚ್‌ಗೆ ಬಲಪಾದವನ್ನ ಎತ್ತಿ, ಚೆಂಡು ತಾಗೋ ಹೊತ್ತಿಗೆ ಸರಿಯಾಗಿ ಕೆಳಗೆ ಇಳಿಸ್ತಾರೆ. ಪಾದ ಬಿಗಿ ಹಿಡಿದಿದ್ರೆ ಚೆಂಡು ಪುಟಿದು ಕೀಪರ್ ಕೈಗೆ ಹೋಗ್ತಿತ್ತು. ಎರಡನೆಯ ಟಚ್ ಒಳಗೆ, ಚಲೋಬಾ ದಾರಿಗೆ ಅಡ್ಡ. ಅವನೀಗ ಮುಟ್ಟಿದ್ರೆ ಫೌಲ್. ಮೂರನೆಯದು ನೆಲ ಸವರಿಕೊಂಡು ಹೋದ ಹೊಡೆತ. ಚೆಲ್ಸೀ ಆ ರಾತ್ರಿ ಸೋತದ್ದು 0-3.