ರಿಪೋರ್ಟ್‌ನಲ್ಲಿ ‘ರೀಡಲ್ಸ್ ಲೋಬ್’ ಅಂತ ಬಂದ್ರೆ ಲಿವರ್ ಊದಿದೆ ಅಂತಾನಾ?

ನಮಸ್ಕಾರ. ಜಗಳೂರಿಂದ ಒಬ್ಬ ತಂಗಿ ಸ್ಕ್ಯಾನಿಂಗ್ ರಿಪೋರ್ಟ್ ಫೋಟೋ ಕಳಿಸಿದ್ದಾರೆ. ಅಮ್ಮನಿಗೆ ಹೊಟ್ಟೆ ಉಬ್ಬರ ಅಂತ ದಾವಣಗೆರೆಗೆ ಕರ್ಕೊಂಡು ಬಂದು ತೋರಿಸಿದ್ರಂತೆ. ರಿಪೋರ್ಟ್‌ನಲ್ಲಿ ಲಿವರ್ ಉದ್ದ 18 ಸೆಂ.ಮೀ., ಪಕ್ಕದಲ್ಲೇ ‘ರೀಡಲ್ಸ್ ಲೋಬ್’. ಮನೆ ಮುಟ್ಟೋ ಹೊತ್ತಿಗೆ ಅದು “ಲಿವರ್ ಊದೈತಂತೆ” ಅಂತಾಗಿ, ನಾಟಿ ಔಷಧಿ ತರೋಕೆ ಒಬ್ಬರು ಹೊರಟೂ ಬಿಟ್ಟಿದ್ದಾರೆ. “ಅಣ್ಣಾ, ಇದು ಕಾಯಿಲೆನಾ?” ಅಂತ ತಂಗಿ ಕೇಳಿದ್ದಾರೆ.

ಅಲ್ಲಮ್ಮ. ಅದು ಹುಟ್ಟಿದ ಆಕಾರ. ಆ ಔಷಧಿ ಮೊದಲು ನಿಲ್ಲಿಸಿ, ಯಾಕಂದ್ರೆ ಏನಿದೆ ಅಂತ ಗೊತ್ತಿಲ್ಲದ ಬೇರು-ಸೊಪ್ಪಿನ ಕಷಾಯದಿಂದ ಚೆನ್ನಾಗಿರೋ ಲಿವರ್ರೂ ಕೆಡಬಹುದು.

[ಪರದೆಯಲ್ಲಿ: ಲಿವರ್ ಚಿತ್ರ]

ಬಲ ಪಕ್ಕೆಲುಬಿನ ಕೆಳಗೆ ಸುಮಾರು ಒಂದೂವರೆ ಕೆಜಿ ತೂಗೋ ಅಂಗ ಇದು. ಬಲಭಾಗ ದೊಡ್ಡದು, ಎಡಭಾಗ ಚಿಕ್ಕದು. ಸ್ಕ್ಯಾನ್‌ನಲ್ಲಿ ಬಲಭಾಗವನ್ನ ಮೇಲಿಂದ ಕೆಳಕ್ಕೆ ಅಳೀತಾರೆ. 15-16 ಸೆಂ.ಮೀ. ದಾಟಿದ್ರೆ ದೊಡ್ಡದಾಗಿದೆಯಾ ಅಂತ ಅನುಮಾನ. ಇಷ್ಟು ಸಾಕು, ಮುಂದೆ ಹೋಗೋಣ.

ಕೆಲವರಿಗೆ ಬಲಭಾಗದ ತುದಿ ನಾಲಿಗೆ ಥರ ಕೆಳಗೆ ಇಳಿದಿರುತ್ತೆ, ಕೆಲವೊಮ್ಮೆ ಸೊಂಟದ ಮೂಳೆ ತನಕ. ಅದೇ ರೀಡಲ್ಸ್ ಲೋಬ್. ಹೆಂಗಸರಲ್ಲಿ ಹೆಚ್ಚು. ಜರ್ಮನಿಯ ಸರ್ಜನ್ ಬರ್ನ್‌ಹಾರ್ಡ್ ರೀಡಲ್ 1888ರಲ್ಲಿ ಇದನ್ನ ವಿವರಿಸಿದ್ರು. ಎಕ್ಸ್-ರೇ ಕೂಡ ಹುಟ್ಟದ ಕಾಲ ಅದು. ಹೊಟ್ಟೆ ಒತ್ತಿ ನೋಡಿದ ವೈದ್ಯರ ಕೈಗೆ ಸಿಗ್ತಿದ್ದದ್ದು ಒಂದು ಗಡ್ಡೆ. ಕಿಡ್ನಿದಾ, ಪಿತ್ತಕೋಶದ್ದಾ ಅಂತ ತಿಳಿಯೋಕೆ ಹೊಟ್ಟೆ ಕೊಯ್ಯಬೇಕಿತ್ತು.

ಈಗ ಸ್ಕ್ಯಾನ್ ಡಾಕ್ಟರು ಇದನ್ನ ಹೇಗೆ ಗುರುತಿಸ್ತಾರೆ ನೋಡಿ, ನನಗೆ ಬಹಳ ಇಷ್ಟವಾದ ಭಾಗ ಇದು. ಜೆಲ್ ಹಚ್ಚಿ, “ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ” ಅಂತಾರಲ್ಲ? ಆಗ ವಪೆ, ಅಂದ್ರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ, ಕೆಳಗೆ ತಳ್ಳುತ್ತೆ, ಲಿವರ್ ಜೊತೆ ಆ ನಾಲಿಗೆನೂ ಜಾರಿ ಕೆಳಗೆ ಬರುತ್ತೆ. ಅದರ ಬೂದು ಬಣ್ಣ, ಹರಳು ಹರಳಾದ ನೋಟ ಎಲ್ಲಾ ಮೇಲಿನ ಲಿವರ್‌ನದ್ದೇ. ಒಳಗಿನ ರಕ್ತನಾಳ ಎಲ್ಲೂ ತುಂಡಾಗದೆ ಮೇಲಿಂದ ಅದರೊಳಕ್ಕೆ ಇಳಿದಿರುತ್ತೆ. ಗಡ್ಡೆಯಾಗಿದ್ರೆ ನಾಳಗಳನ್ನ ಪಕ್ಕಕ್ಕೆ ತಳ್ಳಿರೋದು. ಇನ್ನು ಲಿವರ್ ನಿಜವಾಗ್ಲೂ ಊದಿದ್ರೆ ಎಡಭಾಗನೂ ದಪ್ಪ ಆಗಿರುತ್ತೆ, ಚೂಪಾಗಿರಬೇಕಾದ ಅಂಚು ದುಂಡಗಾಗಿರುತ್ತೆ. ಬರೀ ಸೆಂಟಿಮೀಟರ್ ನೋಡಿ ತೀರ್ಮಾನ ಮಾಡೋ ಹಾಗಿಲ್ಲ.

ಎಡಗಡೆದೂ ಒಂದಿದೆ. ಕೆಲವರ ಲಿವರ್‌ನ ಎಡಭಾಗ ಉದ್ದವಾಗಿ ಬೆಳೆದು, ಆ ಪಕ್ಕದಲ್ಲಿರೋ ಗುಲ್ಮವನ್ನ, ಅಂದ್ರೆ ಸ್ಪ್ಲೀನನ್ನ ಸುತ್ಕೊಂಡಿರುತ್ತೆ. ಬೀವರ್ ಅನ್ನೋ ಪ್ರಾಣಿಯ ಬಾಲದ ಹೆಸರಲ್ಲಿ ಇದನ್ನ ‘ಬೀವರ್ ಟೇಲ್ ಲಿವರ್’ ಅಂತಾರೆ. ಹೈವೇಲಿ ಬೈಕಿಂದ ಬಿದ್ದವರನ್ನ ತುರ್ತು ಚಿಕಿತ್ಸೆಗೆ ತಂದಿದ್ದಾರೆ ಅಂದ್ಕೊಳ್ಳಿ. ಅಲ್ಟ್ರಾಸೌಂಡ್‌ನಲ್ಲಿ ಲಿವರ್ ಗುಲ್ಮಕ್ಕಿಂತ ಸ್ವಲ್ಪ ಕಪ್ಪಾಗಿ ಕಾಣುತ್ತೆ. ಗುಲ್ಮದ ಸುತ್ತ ಕಪ್ಪು ಪಟ್ಟಿ ಕಂಡ್ರೆ ರಕ್ತ ಕಟ್ಟಿದೆ ಅಂತಲೇ ಅನ್ಸೋದು! ರಕ್ತದ ಹರಿವು ತೋರಿಸೋ ಡಾಪ್ಲರ್ ಹಾಕಿದಾಗ ಆ ಪಟ್ಟಿಯೊಳಗೆ ನಾಳಗಳು ಹರಿಯೋದು ಕಂಡ್ರೆ ಅದು ಲಿವರ್.

ಇಷ್ಟು ಹೊತ್ತು ಆಕಾರ ಆಯ್ತು. ಆಪರೇಷನ್‌ಗೆ ನಿಜಕ್ಕೂ ಮುಖ್ಯವಾಗೋದು ರಕ್ತನಾಳ.

[ಪರದೆಯಲ್ಲಿ: ನಾಳಗಳ ನಕ್ಷೆ]

ಮೈಕೆಲ್ಸ್ ಅನ್ನೋ ಅಂಗರಚನಾ ತಜ್ಞರು 200 ದೇಹಗಳನ್ನ ಪರೀಕ್ಷಿಸಿ 1966ರಲ್ಲಿ ಲಿವರ್ ರಕ್ತನಾಳಗಳ ಹತ್ತು ಬಗೆ ಪಟ್ಟಿ ಮಾಡಿದ್ರು. ಪುಸ್ತಕದ ಚಿತ್ರದ ಥರ ಇದ್ದದ್ದು ನೂರಕ್ಕೆ 55ರಷ್ಟು ಜನರಲ್ಲಿ ಮಾತ್ರ! ಉಳಿದವರಲ್ಲಿ ಕೆಲವರಿಗೆ ಬಲಭಾಗದ ನಾಳ ಕರುಳಿಗೆ ಹೋಗೋ ದೊಡ್ಡ ನಾಳದಿಂದ ಕವಲೊಡೆದಿರುತ್ತೆ, ಕೆಲವರಿಗೆ ಎಡಭಾಗದ್ದು ಜಠರದ ನಾಳದಿಂದ. ಭದ್ರಾ ನಾಲೆ ಅಚ್ಚುಕಟ್ಟಿನವರಿಗೆ ಇದು ಥಟ್ಟನೆ ಅರ್ಥ ಆಗುತ್ತೆ. ನಿಮ್ಮ ಗದ್ದೆಗೆ ನೀರು ಪಕ್ಕದ ಉಪಕಾಲುವೆಯಿಂದ ಬರ್ತಿದೆ ಅಂತ ಗೊತ್ತಿಲ್ಲದೆ ಯಾರೋ ಆ ತೂಬು ಮುಚ್ಚಿದ್ರೆ, ಒಣಗೋದು ನಿಮ್ಮ ಭತ್ತ. ಮೇದೋಜೀರಕ ಗ್ರಂಥಿ ಆಪರೇಷನ್ ಮಾಡುವಾಗ ಕರುಳಿನ ನಾಳದಿಂದ ಬಂದ ಆ ಕವಲನ್ನ ತಿಳಿಯದೆ ಕಟ್ಟಿದ್ರೆ ಪೆಟ್ಟು ಬೀಳೋದು ಲಿವರ್‌ಗೆ. ಅದಕ್ಕೇ ಲಿವರ್ ದಾನಿಗಳಿಗೆ ಮೊದಲೇ ಸಿಟಿ ಆಂಜಿಯೋಗ್ರಾಂ, ಅಂದ್ರೆ ರಕ್ತನಾಳ ತೋರಿಸೋ ಸಿಟಿ ಸ್ಕ್ಯಾನ್, ಮಾಡಿ ನಕ್ಷೆ ತಗೊಳ್ತಾರೆ.

ಸಮಯ ಆಗ್ತಿದೆ, ಉಳಿದವು ಬೇಗ ಬೇಗ. ದೊಡ್ಡ ಕರುಳು ಲಿವರ್‌ಗೂ ವಪೆಗೂ ನಡುವೆ ಸೇರ್ಕೊಂಡ್ರೆ ಅದು ಚಿಲೈಡಿಟಿ ಚಿಹ್ನೆ. 1910ರಲ್ಲಿ ವರದಿಯಾದದ್ದು. ಎಕ್ಸ್-ರೇಲಿ ಕರುಳು ತೂತಾಗಿ ಗಾಳಿ ಸೋರಿದ ಹಾಗೆ ಕಾಣುತ್ತೆ. ಲಿವರ್‌ನ ಹಿಂಭಾಗದ ಚಿಕ್ಕ ಮುಂಚಾಚು ಸಿಟಿಯಲ್ಲಿ ದುಗ್ಧಗ್ರಂಥಿ, ಅಂದ್ರೆ ಲಿಂಫ್ ನೋಡ್ ಥರ ಕಾಣಬಹುದು. ಹೃದಯ, ಹೊಟ್ಟೆ ಎಲ್ಲಾ ಅದಲು ಬದಲಾಗಿ ಲಿವರ್ ಎಡಗಡೆ ಇರೋರೂ ಇದ್ದಾರೆ.

ಮತ್ತೆ ತಂಗೀ, ರೀಡಲ್ಸ್ ಲೋಬ್‌ಗೆ ಅಂತ ಮಾತ್ರೆ ಬೇಕಿಲ್ಲ. ಅಮ್ಮನ ಹೊಟ್ಟೆ ಉಬ್ಬರಕ್ಕೆ ಕಾರಣ ಬೇರೆ ಇರಬಹುದು, ಅದನ್ನ ಡಾಕ್ಟರ ಹತ್ರ ಕೇಳಿ. ಆ ನಾಲಿಗೆಯೂ ಲಿವರ್ರೇ ಆದ್ದರಿಂದ ಕೊಬ್ಬು, ಗಡ್ಡೆ ಎಲ್ಲಾ ಅದಕ್ಕೂ ಬರಬಹುದು. ಹಾಗಾಗಿ ಮುಂದಿನ ಸ್ಕ್ಯಾನ್‌ಗೆ ಹೋಗುವಾಗ ಈ ರಿಪೋರ್ಟನ್ನ ಫಿಲ್ಮ್ ಸಮೇತ ತಗೊಂಡು ಹೋಗಿ, ಹೊಸ ಡಾಕ್ಟರು ಹಳೇದರ ಪಕ್ಕದಲ್ಲಿಟ್ಟು ನೋಡ್ತಾರೆ.