ಸಿಕ್ಕಿದ್ದನ್ನು ಸಿಕ್ಕಲ್ಲೇ ಬಿಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಮೆಟಲ್ ಡಿಟೆಕ್ಟರ್ ಹಿಡಿದು ಹಳೇ ಕೋಟೆಗಳ ಆಸುಪಾಸು ಸುತ್ತುವ ಹುಡುಗರಿಗೆ, ತೋಟದಲ್ಲಿ ಗುಂಡಿ ತೋಡುವಾಗ ಹಾರೆಗೆ ಠಣ್ ಎಂದು ಏನೋ ತಾಗಿ ಬಗ್ಗಿ ನೋಡುವ ರೈತರಿಗೆ ನಾನಿವತ್ತು ಹೇಳುವುದು ಒಂದೇ ಮಾತು. ಸಿಕ್ಕಿದ್ದನ್ನು ಸಿಕ್ಕಲ್ಲೇ ಬಿಡಿ. ತೊಳೆಯಬೇಡಿ, ಉಜ್ಜಬೇಡಿ. ಅದು ಏನೆಂದು ಹೇಳುವ ಸಾಕ್ಷಿ ಅರ್ಧ ವಸ್ತುವಿನಲ್ಲಿದ್ದರೆ, ಇನ್ನರ್ಧ ಅದು ಬಿದ್ದಿದ್ದ ಮಣ್ಣಿನಲ್ಲಿರುತ್ತದೆ.

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ ನಗರ ಎಂಬ ಊರಿದೆ. ಕೆಳದಿ ಅರಸರ ಬಿದನೂರು ಅದೇ. 1763ರಲ್ಲಿ ಹೈದರಾಲಿ ಗೆದ್ದುಕೊಂಡು ಹೈದರ್‌ನಗರ ಎಂದು ಕರೆದ. ಅಲ್ಲೊಂದು ಪಾಳುಬಾವಿ. 2002ರಲ್ಲಿ ಆ ಬಾವಿಯಿಂದ ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ಮೇಲೆ ಬಂದವು. ಅವು ಟಿಪ್ಪುವಿನ ಕಾಲದ ರಾಕೆಟ್‌ಗಳು ಎಂದು ಖಚಿತವಾಗಲು ವರ್ಷಗಳೇ ಹಿಡಿದವು. 2018ರ ಜುಲೈನಲ್ಲಿ ಪುರಾತತ್ವ ಇಲಾಖೆಯವರು ಅದೇ ಬಾವಿಯನ್ನು ಅಗೆದರು. ಹೂಳಿನಲ್ಲಿ ಸಿಡಿಮದ್ದಿನ ವಾಸನೆ! ಇನ್ನೂರು ವರ್ಷ ದಾಟಿದ ಮೇಲೂ! ತೆಗೆಯುತ್ತಾ ಹೋದರೆ ಸಾವಿರಕ್ಕೂ ಹೆಚ್ಚು ರಾಕೆಟ್. ಇವತ್ತೂ ಶಿವಮೊಗ್ಗದ ಶಿವಪ್ಪನಾಯಕ ಅರಮನೆಗೆ ಹೋದರೆ ನಗರದ ರಾಕೆಟ್‌ಗಳನ್ನು ನೋಡಬಹುದು. ದಯವಿಟ್ಟು ಮಕ್ಕಳನ್ನೂ ಕರೆದುಕೊಂಡು ಹೋಗಿ.

ಹತ್ತಿರದಿಂದ ನೋಡಿದರೆ ಹೆಚ್ಚುಕಡಿಮೆ ಒಂದು ಗೇಣುದ್ದದ ಕೊಳವೆ. ಒಂದು ತುದಿ ಮುಚ್ಚಿದೆ, ಇನ್ನೊಂದು ತುದಿಯಲ್ಲಿ ಹೊಗೆ ನುಗ್ಗಿ ಬರಲು ತೂತು. ಇದನ್ನು ಉದ್ದನೆಯ ಬಿದಿರುಗಳುವಿಗೆ ಬಿಗಿದು ಹಾರಿಸುತ್ತಿದ್ದರು. ಕಾಗದದ ಕೊಳವೆಯಾದರೆ ಮದ್ದಿನ ಒತ್ತಡಕ್ಕೆ ಸೀಳಿಹೋಗುತ್ತದೆ. ಕಬ್ಬಿಣ ತಡೆಯುತ್ತದೆ, ಹಾಗಾಗಿ ಹೆಚ್ಚು ದೂರ ಹೋಗುತ್ತದೆ. 1780ರಲ್ಲಿ ಕಾಂಚೀಪುರದ ಹತ್ತಿರದ ಪೊಲ್ಲಿಲೂರಿನ ಯುದ್ಧದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನೆ ಇದರ ಬಿಸಿ ಉಂಡಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಥ ರಾಕೆಟ್‌ಗಳು ಇಂಗ್ಲೆಂಡಿಗೆ ಹೋದವು, ವಿಲಿಯಂ ಕಾಂಗ್ರೀವ್ ಎಂಬ ಇಂಗ್ಲಿಷ್ ಸಂಶೋಧಕ ಅಲ್ಲಿ ತನ್ನ ರಾಕೆಟ್ ಕಟ್ಟಿದ. ಈಗ ಹೇಳಿ, ಬಾವಿಯಿಂದ ಬಂದ ಆ ಕೊಳವೆಗಳನ್ನು ಯಾರಾದರೂ ಗುಜರಿಗೆ ಹಾಕಿದ್ದರೆ? ಸೀಮೆಎಣ್ಣೆ ಹಾಕಿ ಫಳಫಳ ಉಜ್ಜಿದ್ದರೆ? ಒಳಗಿನ ಮದ್ದೂ ಇಲ್ಲ, ವಾಸನೆಯೂ ಇಲ್ಲ, ಗುರುತೂ ಇಲ್ಲ. ಉಜ್ಜಬೇಡಿ ಎಂದು ನಾನು ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಗೋಲಿಯಷ್ಟಿದ್ದು ಗಾತ್ರಕ್ಕೆ ಮೀರಿ ಭಾರ, ಮೇಲೆ ಬೂದುಬಿಳಿ ಪದರ ಇದ್ದರೆ ಅದು ಕೋವಿಯ ಸೀಸದ ಗುಂಡು. ಗುಂಡಗಿದ್ದರೆ ಬಹುಶಃ ಹಾರಿಸದೆ ಕೆಳಗೆ ಬಿದ್ದದ್ದು. ಚಪ್ಪಟೆಯಾಗಿದ್ದರೆ ಎಲ್ಲಿಗೋ ಬಡಿದದ್ದು. ಎಲ್ಲೆಲ್ಲಿ ಯಾವುದು ಬಿದ್ದಿದೆ ಎಂದು ಗುರುತು ಹಾಕಿದರೆ ಸಿಪಾಯಿಗಳು ಎಲ್ಲಿ ನಿಂತಿದ್ದರು, ಯಾವ ದಿಕ್ಕಿಗೆ ಹೊಡೆದರು ಎಂಬುದು ತಿಳಿಯುತ್ತದೆ. ನೀವು ಜೇಬಿಗೆ ಹಾಕಿಕೊಂಡು ಮನೆಗೆ ತಂದರೆ ಅದು ಬರೀ ಸೀಸ. ಮುಟ್ಟಿದ್ದರೆ ಸೋಪು ಹಾಕಿ ಕೈ ತೊಳೆದುಕೊಳ್ಳಿ.

ಸಂರಕ್ಷಿತ ಕೋಟೆಯ ಆವರಣದಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ, ಅಲ್ಲಿಗೆ ಡಿಟೆಕ್ಟರ್ ಒಯ್ಯಲೇಬೇಡಿ. ನಿಮ್ಮದೇ ಜಮೀನಿನಲ್ಲಿ ಸಿಕ್ಕಿದರೆ ಒಂದು ಫೋಟೊ ತೆಗೆದು, ಜಾಗ ಗುರುತಿಟ್ಟು, ತಹಶೀಲ್ದಾರರ ಕಚೇರಿಗೆ ತಿಳಿಸಿ. ಫಿರಂಗಿಯ ಕಬ್ಬಿಣದ ಗುಂಡಿನಲ್ಲಿ ಬತ್ತಿ ಹಾಕುವ ತೂತು ಕಂಡರೆ ಒಳಗೆ ಮದ್ದು ಇನ್ನೂ ಇರಬಹುದು. ಫೋಟೊಗೂ ಹತ್ತಿರ ಹೋಗಬೇಡಿ, ದೂರ ಸರಿದು ನೇರವಾಗಿ ಪೊಲೀಸರಿಗೆ ಫೋನ್ ಮಾಡಿ. ನಮಸ್ಕಾರ.