ಆರು ಗೆಲುವು, ಆರೂ ಕಮಾನಿನವು

ಕೇಳುಗರಿಗೆ ನಮಸ್ಕಾರ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಅಂದ ಕೂಡಲೇ ರೇಡಿಯೊದ ಕಿವಿ ಹಿಂಡುವವರು ಐದು ನಿಮಿಷ ತಡೆಯಿರಿ.

‘ಯೂರೋವಿಷನ್ ಯಂಗ್ ಮ್ಯುಸಿಷಿಯನ್ಸ್’ 1982ರಲ್ಲಿ ಶುರುವಾದ ಯೂರೋಪಿನ ಸಂಗೀತ ಸ್ಪರ್ಧೆ. ದೇಶಕ್ಕೊಬ್ಬ ಎಳೆಯ ಕಲಾವಿದ, ಹಿಂದೆ ಪೂರ್ಣ ವಾದ್ಯವೃಂದ, ಎದುರಿಗೆ ತೀರ್ಪುಗಾರರು. ಆಸ್ಟ್ರಿಯಾ ಆರು ಸಲ ಗೆದ್ದಿದೆ: 1988, 1998, 2002, 2004, 2014, 2024. ಇಷ್ಟು ಬೇರಾರಿಗೂ ದಕ್ಕಿಲ್ಲ. ಆರೂ ಪಿಟೀಲಿನ ಕಮಾನು ಹಿಡಿದವರು. ಪಿಯಾನೊ ಒಂದೂ ಇಲ್ಲ. ಮೊಜಾರ್ಟ್ ಹುಟ್ಟಿದ ನೆಲವಲ್ಲವೇ, ರಕ್ತದಲ್ಲೇ ಬಂದಿರಬೇಕು ಅನ್ನುತ್ತೀರಿ. ನೆಲವೂ ಅಲ್ಲ, ರಕ್ತವೂ ಅಲ್ಲ. ಮೇಷ್ಟ್ರು!

ಜೂಲಿಯನ್ ರಾಖ್ಲಿನ್ ಹುಟ್ಟಿದ್ದು ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ. ತಂದೆತಾಯಿ ಇಬ್ಬರೂ ಸಂಗೀತಗಾರರು. 1978ರಲ್ಲಿ ಸಂಸಾರ ಆಸ್ಟ್ರಿಯಾದ ವಿಯೆನ್ನಾಕ್ಕೆ ಬಂತು, ಹುಡುಗನಿಗಿನ್ನೂ ನಾಲ್ಕು ತುಂಬಿರಲಿಲ್ಲ. ಅಲ್ಲಿ ಸಿಕ್ಕಿದವರು ಪಿಟೀಲು ಮೇಷ್ಟ್ರು ಬೋರಿಸ್ ಕುಶ್ನಿರ್: ಕೀವ್‌ನಲ್ಲಿ ಹುಟ್ಟಿ, ಮಾಸ್ಕೋದಲ್ಲಿ ಕಲಿತು, ವಿಯೆನ್ನಾದಲ್ಲಿ ನೆಲೆನಿಂತವರು. 1988, ಆಮ್‌ಸ್ಟರ್‌ಡ್ಯಾಮ್. ಹದಿಮೂರರ ಪೋರ ಗೆದ್ದ. ಆಮೇಲೆ ರಿಕಾರ್ಡೊ ಮೂತಿ ನಿರ್ದೇಶನದಲ್ಲಿ ವಿಯೆನ್ನಾ ಫಿಲ್‌ಹಾರ್ಮೋನಿಕ್ ವಾದ್ಯವೃಂದದ ಮುಂದೆ ನಿಂತು ಪಿಟೀಲು ನುಡಿಸಿದ!

ಆ ವಯಸ್ಸಿನವರು ಎಡವುವುದೆಲ್ಲಿ ಗೊತ್ತೇ? ಹೆದರಿದರೆ ಬಲಗೈ ಬಿಗಿಯುತ್ತದೆ, ನಿಧಾನದ ಉದ್ದ ಸ್ವರದಲ್ಲಿ ಕಮಾನು ನಡುಗುತ್ತದೆ. ಮದ್ದು ಒಂದೇ: ದಿನಾ ಬೆರಳಿಡದ ಖಾಲಿ ತಂತಿಯ ಮೇಲೆ ಬುಡದಿಂದ ತುದಿಯವರೆಗೆ ನಿಧಾನವಾಗಿ ಕಮಾನು ಎಳೆಯುವುದು. ಬೇಸರದ ಕೆಲಸ, ಮಾಡಿಸಲು ಮೇಷ್ಟ್ರೇ ಬೇಕು. ಇನ್ನೊಂದು, ಓಟ, ಅಂದರೆ ಲಯ ಮೀರಿ ಬೇಗ ಬೇಗ ನುಡಿಸುವುದು. ಮಗು ಓಡಿದರೆ ಪಕ್ಕದ ಪಿಯಾನೊದವರು ಹೇಗೋ ಹಿಂಬಾಲಿಸಿ ಮುಚ್ಚಿಹಾಕುತ್ತಾರೆ. ಎಪ್ಪತ್ತು ಜನರ ವಾದ್ಯವೃಂದ ಹಾಗೆ ಓಡಿಬರಲಾರದು. ಕೊನೆಯ ಸಾಲಿನ ಕಹಳೆ ಮುಂದೆ ನಿಂತವರಿಗೆ ಕೊಂಚ ತಡವಾಗಿಯೇ ಕೇಳುತ್ತದೆ. ಅದಕ್ಕೆ ಕಿವಿಗೊಟ್ಟು ನುಡಿಸಿದರೆ ಲಯ ಎಳೆದಂತಾಗುತ್ತದೆ. ಕಣ್ಣು ನಿರ್ದೇಶಕರ ಕೋಲಿನ ಮೇಲಿರಬೇಕು. ಇದನ್ನು ಕಲಿಸುವವರು ಯಾರು? ಮತ್ತೆ ಮೇಷ್ಟ್ರೇ.

ಅಯ್ಯೋ, ಗಡಿಯಾರ ಓಡುತ್ತಿದೆ. 1998ರ ಲಿಡಿಯಾ ಬೈಖ್ ಹುಟ್ಟಿದ್ದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ, 2002ರ ದಲಿಬೋರ್ ಕರ್ವಾಯ್ ಸ್ಲೊವಾಕಿಯಾದಲ್ಲಿ, 2004ರ ಅಲೆಕ್ಸಾಂಡ್ರಾ ಸುಮ್ ಮಾಸ್ಕೋದಲ್ಲಿ. ಮೂವರೂ ಕುಶ್ನಿರ್ ಶಿಷ್ಯರೇ. ತವರಿನ ಅನುಕೂಲ ಅನ್ನಬೇಡಿ: ವಿಯೆನ್ನಾದಲ್ಲಿ ಸ್ಪರ್ಧೆ ಆರು ಸಲ ನಡೆದು, ಆಸ್ಟ್ರಿಯಾ ಅಲ್ಲಿ ಗೆದ್ದದ್ದು 1998ರಲ್ಲಿ ಮಾತ್ರ. 2014ರಲ್ಲಿ ಗೆದ್ದ ಜೀಯೂ ಹ ಚೀನಾದಿಂದ ಆಸ್ಟ್ರಿಯಾದ ಸಾಲ್ಜ್‌ಬರ್ಗಿಗೆ ಕಲಿಯಲು ಬಂದವರು. ಬೇರೆ ಊರು, ಬೇರೆ ಮೇಷ್ಟ್ರು. 2024ರಲ್ಲಿ ನಾರ್ವೆಯ ಬೋಡೊದಲ್ಲಿ ಲಿಯೊನ್‌ಹಾರ್ಡ್ ಬೌಮ್‌ಗಾರ್ಟ್ನರ್, ಮತ್ತೆ ಪಿಟೀಲು. ನಮಸ್ಕಾರ.